ಯಾರಿಗೆ ಕೊಡಲಿ?

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುವ ರೋಲ್-ಪ್ಲೇಯಿಂಗ್ ಆಟ ನಮ್ಮದು. ಭಾನುವಾರ ಆಟ ಮುಗಿದ ಮೇಲೂ ಒಂದು ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿದೆ. ಹೀಲರ್, ಅಂದರೆ ಬೇರೆಯವರ ಗಾಯ ವಾಸಿ ಮಾಡುವ ಪಾತ್ರ ಆಡುವ ಗೆಳತಿ, ತನ್ನ ಸರದಿ ಬಂದಾಗ ಪಾತ್ರದ ವಿವರ ಬರೆದಿಟ್ಟ ಕ್ಯಾರೆಕ್ಟರ್ ಶೀಟ್ ನೋಡಲೇ ಇಲ್ಲ. ತಲೆ ಎತ್ತಿ, "ಯಾರಿಗೆ ಕೊಡಲಿ?" ಅಂದಳು. ಫೈಟರ್, ಅಂದರೆ ಹೊಡೆದಾಡುವ ಪಾತ್ರ ಆಡುವವನು "ನನಗೇ, ನನಗೇ" ಅಂತ ಕೂಗಿದ. ಅವಳು ದಾಳ ಉರುಳಿಸಿದಳು, ಬಂದ ನಂಬರ್ ಹೇಳಿದಳು, ಫೋನ್ ಕೈಗೆತ್ತಿಕೊಂಡಳು. ಮುಂದಿನ ಸುತ್ತಿನಲ್ಲೂ ಅದೇ. "ಯಾರಿಗೆ ಕೊಡಲಿ?" "ನನಗೇ!"

ಫೈಟರ್‌ನವನು ಒಳ್ಳೆಯವನೇ. ಆದರೆ ಬೇರೆಯವರ ಸರದಿಯೂ ತನ್ನದೇ ಅನ್ನುವ ಹಾಗೆ ಆಡ್ತಾನೆ.

ನಾವೇ ರೂಲ್ಸ್ ಬರೆದುಕೊಂಡು ಆಡುವ ಆಟ ಇದು, ಹಾಗಾಗಿ ಬದಲಾಯಿಸೋಕೆ ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ಗುಂಪಿನ ಲೆಕ್ಕದವನು ಅವತ್ತು ರಾತ್ರಿಯೇ ಎಕ್ಸೆಲ್ ಶೀಟ್ ಕಳಿಸಿದ. ದೈತ್ಯನ ಏಟು 6 ಮುಖದ ಎರಡು ದಾಳ, ಸರಾಸರಿ 7. ಹೀಲರ್ ವಾಸಿ ಮಾಡೋದು ಒಂದು ದಾಳ ಜೊತೆಗೆ 2, ಸರಾಸರಿ 5.5. "ಎರಡು ದಾಳ ಕೊಡು, 9 ಆಗುತ್ತೆ, ಸರಿಹೋಗುತ್ತೆ" ಅಂದ. ಏಟಿಗಿಂತ ಮದ್ದೇ ಜಾಸ್ತಿ ಆದರೆ ಕಾಳಗ ಮುಗಿಯೋದು ಯಾವಾಗ? ಅವನ ಲೆಕ್ಕ ಯಾವತ್ತೂ ತಪ್ಪಲ್ಲ. ಆದರೆ ಅವನು ಶೀಟ್ ನೋಡ್ತಾನೆ, ಆಡುವವರ ಮುಖ ನೋಡಲ್ಲ. 9 ಬಂದರೂ ಅವಳು ಕೇಳೋದು "ಯಾರಿಗೆ ಕೊಡಲಿ?" ಅಂತಲೇ ಅಲ್ವಾ?

ಇಂಥದ್ದೇ ಆಟವಾದ, 1974ರ ಮೊದಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಇದ್ದದ್ದು ಮೂರೇ ಕ್ಲಾಸ್, ಅಂದರೆ ಪಾತ್ರದ ಬಗೆ: ಹೊಡೆದಾಡುವವನು, ಮಂತ್ರವಾದಿ, ಕ್ಲೆರಿಕ್ ಅನ್ನುವ ಪುರೋಹಿತ. ಆ ಕ್ಲೆರಿಕ್‌ಗೆ ಮೊದಲ ಲೆವೆಲ್‌ನಲ್ಲಿ ಒಂದು ಮಂತ್ರವೂ ಇರಲಿಲ್ಲ. ಕವಚ ತೊಟ್ಟು ಗದೆ ಹಿಡಿದು ನುಗ್ಗಬೇಕು, ಎದ್ದು ಬಂದ ಹೆಣಗಳನ್ನು ಹೆದರಿಸಿ ಓಡಿಸಬೇಕು. ಗಾಯ ವಾಸಿ ಮಾಡೋದು ಅವನ ಹಲವು ಕೆಲಸಗಳಲ್ಲಿ ಒಂದು. 2008ರ ನಾಲ್ಕನೇ ಆವೃತ್ತಿಯಲ್ಲಿ ಅವನ ಮುಖ್ಯ ಚಿಕಿತ್ಸೆ ಮಂತ್ರ ಮೈನರ್ ಆ್ಯಕ್ಷನ್, ಅಂದರೆ ಸರದಿಯ ಸಣ್ಣ ಕೆಲಸ ಆಯ್ತು, ಅದೇ ಸರದಿಯಲ್ಲಿ ಏಟನ್ನೂ ಹೊಡೆಯಬಹುದು. ನನಗೆ ಇದು ತುಂಬಾ ಸರಿ ಅನಿಸುತ್ತದೆ. ಸರದಿ ಬಂದಾಗ ಆಡುವವರ ಮುಂದೆ ಒಂದು ಕಷ್ಟದ ಪ್ರಶ್ನೆ ಇರಬೇಕು. ಅದಕ್ಕೆ ಉತ್ತರ ಅವರೇ ಕೊಡಬೇಕು, ಪಕ್ಕದವನಲ್ಲ.

ಹಾಗಾಗಿ ಹೀಲರ್‌ಗೆ ದಾಳವನ್ನೇ ತೆಗೆದುಹಾಕಿದೆ. ಈಗ ಅವಳು ಗಾಯವನ್ನು ತನ್ನೊಳಗೆ ಎಳೆದುಕೊಳ್ತಾಳೆ. 10ರವರೆಗೆ ಹಿಡಿದಿಟ್ಟುಕೊಳ್ಳಬಹುದು. ಮೀರಿದ್ದು ಅವಳ ಪ್ರಾಣದ ಲೆಕ್ಕವಾದ ಹಿಟ್ ಪಾಯಿಂಟ್‌ನಿಂದಲೇ ಹೋಗುತ್ತದೆ. ಬೇಕಾದಾಗ ಒಂದು ಸರದಿ ಖರ್ಚು ಮಾಡಿ, ಹಿಡಿದಿಟ್ಟ ನೋವನ್ನೆಲ್ಲ ಶತ್ರುವಿನ ಮೇಲೆ ಸುರಿಯಬಹುದು. ಸುರಿಯದೆ ಕಾಳಗ ಮುಗಿದರೆ ಅದೂ ಅವಳ ಮೈಗೇ.

ನಿನ್ನೆ ಬರೀ ಒಂದು ಕಾಳಗ ಆಡಿ ನೋಡಿದೆವು. ಫೈಟರ್‌ನ 8 ಪಾಯಿಂಟ್ ಗಾಯವನ್ನು ಅವಳು ಮೊದಲೇ ಎಳೆದುಕೊಂಡಿದ್ದಳು. ಅಷ್ಟರಲ್ಲಿ ಬಿಲ್ಲುಗಾರನಿಗೆ 5 ಬಿತ್ತು. ಅದನ್ನೂ ತಗೊಂಡರೆ 3 ತನ್ನ ಮೈಗೆ, ಅವಳಲ್ಲಿ ಉಳಿದಿದ್ದೇ 4 ಹಿಟ್ ಪಾಯಿಂಟ್. ಸುರಿದರೆ ದೈತ್ಯ ಸಾಯಬಹುದು, ಸಾಯದಿದ್ದರೆ ಬಿಲ್ಲುಗಾರನ ಕಥೆ ಮುಗೀತು. ಫೈಟರ್‌ನವನು ಎಂದಿನಂತೆ ಬಾಯಿ ತೆರೆದ. ಅವಳು ಶೀಟ್‌ನಿಂದ ಕಣ್ಣು ತೆಗೆಯದೆ, "ಸುಮ್ನಿರು, ಯೋಚನೆ ಮಾಡ್ತಿದೀನಿ" ಅಂದಳು.

ನನಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ಅವಳು ಸುರಿದಳು. ದೈತ್ಯ ಸಾಯಲಿಲ್ಲ, ಬಿಲ್ಲುಗಾರ ಬಿದ್ದ. ಆಮೇಲೆ ಅರ್ಧ ಗಂಟೆ ಅದೇ ಜಗಳ. ತಾನು ಮಾಡಿದ್ದೇ ಸರಿ ಅಂತ ಅವಳು ಗಟ್ಟಿಯಾಗಿ ವಾದಿಸಿದಳು. ಇಷ್ಟು ತಿಂಗಳಲ್ಲಿ ಅವಳು ಯಾವ ಸರದಿಗೂ ಹೀಗೆ ವಾದಿಸಿದವಳಲ್ಲ.

ಲೆವೆಲ್ ಏರಿದಂತೆ 10ರ ಮಿತಿಯೂ ಏರಬೇಕು ಅಂತ ಲೆಕ್ಕದವನು ಹೇಳಿದ್ದಾನೆ, ಅದು ಸರಿಯೇ. ಇನ್ನು ಫೈಟರ್‌ನವನು ಇವತ್ತು ಬೆಳಿಗ್ಗೆ ಫೋನ್ ಮಾಡಿ, "ನನಗೂ ಬರೀ ಹೊಡಿ, ಹೊಡಿ ಅಷ್ಟೇ ಇರೋದು, ನೋಡಿದೀಯಾ?" ಅಂದ. ಅವನ ಮಾತಲ್ಲೂ ನ್ಯಾಯವಿದೆ. ಈ ವಾರ ಅವನ ಕ್ಲಾಸ್ ಬಿಚ್ಚಿಕೊಂಡು ಕೂರ್ತೀನಿ.