ಚಿಗರಿ ಬಸ್ಸಿನ ಪಕ್ಕದ ಸ್ಕೂಟರ್: ನನ್ನ ರಡಾರ್ ಎಲ್ಲಿಗೆ ಬಂತು

ಹೋದ ಸಲ ಬರೆದಾಗ, ರಸ್ತೆಯ ಗಾಡಿಗಳನ್ನು ಎಣಿಸೋಕೆ ಒಂದು ರಡಾರ್ ಮಾಡ್ಯೂಲನ್ನು ಹುಬ್ಬಳ್ಳಿಯ ನವನಗರದ ಮನೆಯ ಬಾಲ್ಕನಿ ಸರಳಿಗೆ ಕಟ್ಟಿ, ರಸ್ತೆಯ ಕಡೆ ಮುಖ ಮಾಡಿದ್ದೆ. ಹಾರ್ಡ್‌ವೇರ್ ಈಗಲೂ ಅದೇ. 24.125 ಗಿಗಾಹರ್ಟ್ಸ್‌ನ ಸಿಡಿಎಂ 324, ಒಂದು ಆಂಪ್ಲಿಫೈಯರ್, ಯುಎಸ್‌ಬಿ ಸೌಂಡ್ ಕಾರ್ಡ್, ರಾಸ್ಪ್‌ಬೆರಿ ಪೈ. ಈ ಎರಡು ತಿಂಗಳಲ್ಲಿ ಒಂದು ವೈರನ್ನೂ ಮುಟ್ಟಿಲ್ಲ. ಬದಲಾಗಿದ್ದು ಒಂದೇ: ಗಾಡಿ ಇಲ್ಲದಾಗ ಏನು ಕೇಳಿಸುತ್ತೆ, ಅಂದರೆ ಗದ್ದಲ ಎಷ್ಟು, ಅನ್ನೋದನ್ನ ಲೆಕ್ಕ ಹಾಕೋ ರೀತಿ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಈ ಅಲೆಯಲ್ಲಿ ಗಂಟೆಗೆ 1 ಕಿ.ಮೀ. ವೇಗ ಅಂದರೆ ಸುಮಾರು 44.7 ಹರ್ಟ್ಸ್ ಡಾಪ್ಲರ್, ಅಂದರೆ ಗಾಡಿಗೆ ಬಡಿದು ವಾಪಸ್ ಬಂದ ಅಲೆಯ ಆವರ್ತನ ಅಷ್ಟು ಬದಲಾಗಿರುತ್ತೆ. ನಾನು ಸೆಕೆಂಡಿಗೆ 8,000 ಸ್ಯಾಂಪಲ್ ತಗೊಂಡು, ಅದನ್ನು ಆವರ್ತನಗಳಾಗಿ ಬಿಡಿಸೋಕೆ 1,024ರ ಎಫ್ಎಫ್‌ಟಿ ಮಾಡುತ್ತೇನೆ. ಒಂದೊಂದು ಬಿನ್, ಅಂದರೆ ಆವರ್ತನದ ಒಂದೊಂದು ಖಾನೆ, 7.8 ಹರ್ಟ್ಸ್ ಅಗಲ. ಉಪಯೋಗಕ್ಕೆ ಬರೋದು 512 ಬಿನ್. ಯಾವ ಬಿನ್‌ನಲ್ಲಿ ಶಕ್ತಿ ಮಿತಿ ದಾಟುತ್ತೋ ಅಲ್ಲಿ ಗಾಡಿ ಇದೆ ಅಂತ ಲೆಕ್ಕ. ಆ ಮಿತಿ ಎಷ್ಟಿರಬೇಕು? ಇಡೀ ಕಷ್ಟ ಅಲ್ಲೇ ಇದೆ.

ಬೇಸಿಗೆಯಲ್ಲಿ ಒಂದೇ ಸ್ಥಿರ ಮಿತಿ ಇಟ್ಟು ನಡೆಸಿದೆ. ಮಳೆ ಹಿಡಿಯಿತು ನೋಡಿ, ಎಲ್ಲ ಕೆಟ್ಟಿತು. ಜಿಟಿಜಿಟಿ ಹನಿ, ಜೊತೆಗೆ ಗಾಳಿ. ಎದುರಿಗಿನ ಹೊಂಗೆ ಮರದ ಎಲೆ ಕೆಳಗಿನ ಬಿನ್‌ಗಳನ್ನೆಲ್ಲ ತುಂಬಿಬಿಡುತ್ತಿತ್ತು. ಮಿತಿ ಏರಿಸಿದರೆ ಸೈಕಲ್ ಕಾಣಲ್ಲ. ಇಳಿಸಿದರೆ ಮರವೇ ಗಾಡಿಯಾಗುತ್ತೆ.

ಹಾಗಾಗಿ ಸಿಎಫ್ಎಆರ್ ಬರೆದೆ, ಅಂದರೆ ಗದ್ದಲ ಎಷ್ಟೇ ಇರಲಿ, ಸುಳ್ಳು ಗುರುತಿನ ಪ್ರಮಾಣ ಬದಲಾಗದಂತೆ ಮಿತಿಯನ್ನು ಹೊಂದಿಸೋ ಲೆಕ್ಕ. ಫಿನ್ ಮತ್ತು ಜಾನ್ಸನ್ 1968ರಲ್ಲಿ ಬರೆದ ಹಳೆಯ ದಾರಿ ಇದು. ನೋಡೋ ಬಿನ್‌ನ ಎರಡೂ ಬದಿಗೆ 2 ಬಿನ್ ಬಿಟ್ಟು, ಆಮೇಲಿನ 8–8 ಬಿನ್‌ಗಳ ಸರಾಸರಿ ತೆಗೆಯೋದು. ಅದನ್ನು ಒಂದು ಗುಣಕದಿಂದ ಗುಣಿಸಿದರೆ ಮಿತಿ ಸಿಕ್ಕಿತು. ಗದ್ದಲ ಏರಿದರೆ ಮಿತಿಯೂ ತಾನೇ ಏರುತ್ತೆ.

ಈ ಗುಣಕದ ಲೆಕ್ಕ ನನಗೆ ತುಂಬಾ ಹಿಡಿಸಿತು. ಹತ್ತು ಸಾವಿರ ಸಲ ಬಿನ್ ನೋಡಿದರೆ ಒಂದು ಫಾಲ್ಸ್ ಅಲಾರ್ಮ್, ಅಂದರೆ ಇಲ್ಲದ ಗಾಡಿಯನ್ನು ಇದೆ ಅನ್ನೋದು, ಸಾಕು ಅಂದುಕೊಳ್ಳಿ. ಗದ್ದಲದ ಸರಾಸರಿ ಪಕ್ಕಾ ಗೊತ್ತಿದ್ದರೆ ಗುಣಕ 9.21. ಗೊತ್ತಿಲ್ಲದೆ 32 ಬಿನ್‌ನಿಂದ ಅಂದಾಜು ಮಾಡಿದರೆ 10.67. 16ರಿಂದಾದರೆ 12.45. ಬರೀ 8 ಇದ್ದರೆ 17.3. ಅಂದರೆ ಗದ್ದಲದ ಬಗ್ಗೆ ನಮಗೆಷ್ಟು ಕಡಿಮೆ ಗೊತ್ತೋ ಅಷ್ಟು ದಂಡ ಕಟ್ಟಬೇಕು. ಆ ದಂಡ ಬೀಳೋದು ಸಣ್ಣ ಗಾಡಿಗಳ ಮೇಲೆ. ಹಾಗಂತ 64 ಬಿನ್ ತಗೊಳ್ಳೋಕೂ ಆಗಲ್ಲ. ಅಷ್ಟು ದೂರ ಹೋದರೆ ಒಂದು ತುದಿಯಲ್ಲಿ ಮರ ಇರುತ್ತೆ, ಇನ್ನೊಂದು ತುದಿಯಲ್ಲಿ ಏನೂ ಇರಲ್ಲ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಅದು ಎರಡಕ್ಕೂ ಸುಳ್ಳೇ.

ಇನ್ನೊಂದು ಮಾತು. ಹತ್ತು ಸಾವಿರಕ್ಕೆ ಒಂದು ಅನ್ನೋದು ಕೇಳೋಕೆ ಕಡಿಮೆ ಅನಿಸುತ್ತೆ, ಅಲ್ವಾ? 512 ಬಿನ್, ಸೆಕೆಂಡಿಗೆ ಸುಮಾರು 8 ಸಲ. ಎರಡೂವರೆ ಸೆಕೆಂಡಿಗೊಂದು ಸುಳ್ಳು ಗಾಡಿ ಬರುತ್ತೆ! ಅದಕ್ಕೇ ನಾಲ್ಕು ಫ್ರೇಮಿನಲ್ಲಿ (ಒಂದು ಸಲದ ಲೆಕ್ಕ ಅಂದರೆ ಒಂದು ಫ್ರೇಮ್) ಮೂರರಲ್ಲಾದರೂ ಕಂಡರೆ ಮಾತ್ರ ಎಣಿಸುತ್ತೇನೆ.

ಇನ್ನು ನಮ್ಮ ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿನ ವಿಷಯ. ಬಿಆರ್‌ಟಿಎಸ್ ದಾರಿಯಲ್ಲಿ, ಅಂದರೆ ಬಸ್ಸಿಗೆಂದೇ ಇರೋ ಹಾದಿಯಲ್ಲಿ, ಬಸ್ಸು 40ರಲ್ಲಿ ಬರುತ್ತೆ, ಪಕ್ಕದ ರಸ್ತೆಯಲ್ಲಿ ಸ್ಕೂಟರ್ 39ರಲ್ಲಿ. ನಡುವೆ ಇರೋದು ಬರೀ 6 ಬಿನ್. ಸ್ಕೂಟರಿಗೆ ಮಿತಿ ಹಾಕೋವಾಗ ಆ 16 ಬಿನ್‌ಗಳ ಒಳಗೇ ಬಸ್ಸು ಕೂತಿರುತ್ತೆ. ಬಸ್ಸಿನ ಶಕ್ತಿ ಗದ್ದಲದ ಸಾವಿರ ಪಟ್ಟು, ಅದೂ ಒಂದೇ ಬಿನ್‌ನಲ್ಲಿ ಅಂತಿಟ್ಟುಕೊಂಡರೂ ಸರಾಸರಿ 63 ಪಟ್ಟು ಆಗುತ್ತೆ. ಮಿತಿ ಹೋಗಿ 790 ಪಟ್ಟಿನಲ್ಲಿ ನಿಲ್ಲುತ್ತೆ. ನೂರು ಪಟ್ಟು ಇರೋ ಸ್ಕೂಟರ್, ಒಂಟಿಯಾಗಿ ಬಂದಿದ್ದರೆ ಆರಾಮಾಗಿ ಕಾಣೋದು, ಇಲ್ಲಿ ಪೂರ್ತಿ ಮಾಯ.

ಹೆರ್ಮನ್ ರೋಲಿಂಗ್ 1983ರಲ್ಲಿ ಹೇಳಿದ ಉಪಾಯ ಇದಕ್ಕೆ ಸರಿಯಾಗಿ ಕೂತಿತು. ಸರಾಸರಿ ಬೇಡ. 16 ಬೆಲೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, 12ನೆಯದನ್ನು ತಗೊಳ್ಳಿ. ಗುಣಕ ಸುಮಾರು 11.1. ನಾಲ್ಕು ಬಿನ್‌ವರೆಗೆ ಬಸ್ಸು ಎಷ್ಟೇ ಜೋರಾಗಿದ್ದರೂ 12ನೆಯ ಬೆಲೆ ಹೆಚ್ಚು ಕದಲಲ್ಲ. ತೀರಾ ಹತ್ತಿರ ಬಂದ ಬಸ್ಸು ನಾಲ್ಕಕ್ಕಿಂತ ಜಾಸ್ತಿ ಬಿನ್‌ಗೆ ಹರಡುತ್ತಿತ್ತು. ಹಾಗಾಗಿ 10ನೆಯದಕ್ಕೆ ಇಳಿದೆ. ಅದಕ್ಕೆ ಗುಣಕ 16.6 ಆಗುತ್ತೆ, ಒಪ್ಪಿಕೊಂಡೆ.

ಭಾನುವಾರ ಬೆಳಿಗ್ಗೆ ಅಕ್ಕನ ಮಗ ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಗೀಟು ಹಾಕುತ್ತ ಒಂದು ತಾಸು ಕೂತಿದ್ದ. "ಮಾಮಾ, ಬಸ್ಸಿನ ಮಗ್ಗಲಕ್ಕ ಗಾಡಿ ಬಂತು!" ಅಂತ ಕೂಗೋದು, ಗೀಟು ಎಳೆಯೋದು. ಹಾಗೆ 17 ಸಲ ಬಂತು. ಅದೇ ರೆಕಾರ್ಡಿಂಗ್ ಮೇಲೆ ಎರಡೂ ಲೆಕ್ಕ ಓಡಿಸಿದೆ. ಸರಾಸರಿಗೆ ಸಿಕ್ಕಿದ್ದು 5, ಹೊಸದಕ್ಕೆ 14. ಅವನು ಆ ಕ್ಯಾಲೆಂಡರ್ ಹಾಳೆಯನ್ನು ಮನೆಗೆ ಒಯ್ದ.

ಉಳಿದದ್ದು ಸಂಜೆಯ ಕಾಟ. ದಿನಾ ಏಳರ ಹೊತ್ತಿಗೆ ಗಂಟೆಗೆ 2.2 ಕಿ.ಮೀ. ವೇಗದಲ್ಲಿ ಯಾರೋ ಬಾಲ್ಕನಿ ಮುಂದೆ ನಡೆಯುತ್ತಲೇ ಇರುತ್ತಿದ್ದರು. ನೋಡಿದರೆ ಯಾರೂ ಇಲ್ಲ. ಅದು ಸರಿಯಾಗಿ 100 ಹರ್ಟ್ಸ್ ಅಂತ ಗೊತ್ತಾದ ಮೇಲೆ ತಲೆ ಎತ್ತಿ ಟ್ಯೂಬ್‌ಲೈಟ್ ನೋಡಿದೆ. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬಿನೊಳಗಿನ ಅನಿಲ ಸೆಕೆಂಡಿಗೆ ನೂರು ಸಲ ಹೊತ್ತಿ ಮಂಕಾಗುತ್ತೆ, ಅಲೆಯನ್ನೂ ಹಾಗೇ ಬಡಿದು ವಾಪಸ್ ಕಳಿಸುತ್ತೆ. ಆರಿಸಿ ನೋಡೋಣ ಅಂತ ಸ್ವಿಚ್ಚಿಗೆ ಕೈ ಹಾಕಿದರೆ ಅವ್ವ, "ದೀಪಾ ಹಚ್ಚೂ ಹೊತ್ತಿನ್ಯಾಗ ಲೈಟ್ ಆರಸ್ತಿಯೇನಪಾ?" ಅಂದಳು. ಅವಳ ಮಾತು ಸರಿ. ಲೈಟ್ ಉರಿಯುತ್ತಲೇ ಇರಬೇಕು, ರಡಾರೇ ಕಲಿಯಬೇಕು.

ಅದಕ್ಕೆ ಪ್ರತಿ ಬಿನ್‌ಗೂ ಅಲ್ಲಿ ಸಾಮಾನ್ಯವಾಗಿ ಎಷ್ಟು ಗದ್ದಲ ಇರುತ್ತೆ ಅನ್ನೋ ಒಂದೊಂದು ನೆನಪು ಇಟ್ಟೆ. ಮೊದಲು, ಗಾಡಿ ಅಂತ ಗುರುತಿಸಿದ ಫ್ರೇಮ್ ಬಿಟ್ಟು ಉಳಿದವುಗಳಿಂದ ಕಲಿಸಿದೆ. ತಪ್ಪಾಯಿತು. ಟ್ಯೂಬ್‌ಲೈಟನ್ನು ಅದು ಗಾಡಿ ಅಂದುಕೊಂಡಿತ್ತಲ್ಲ, ಹಾಗಾಗಿ ಅದನ್ನು ಯಾವತ್ತೂ ಕಲಿಯಲೇ ಇಲ್ಲ. ಈಗ ಯಾವುದನ್ನೂ ಬಿಡೋದಿಲ್ಲ. ಬಂದ ಬೆಲೆ ನೆನಪಿಗಿಂತ ಮೇಲಿದ್ದರೆ ನೆನಪನ್ನು 0.05 ಡೆಸಿಬಲ್ ಏರಿಸು, ಕೆಳಗಿದ್ದರೆ ಅಷ್ಟೇ ಇಳಿಸು. ಅಷ್ಟೇ. ಹೀಗೆ ಮಾಡಿದರೆ ಅದು ಮಧ್ಯದ ಬೆಲೆಗೆ, ಅಂದರೆ ಮೀಡಿಯನ್‌ಗೆ ಹೋಗಿ ನಿಲ್ಲುತ್ತೆ. ಅದನ್ನು 0.693ರಿಂದ ಭಾಗಿಸಿದರೆ ಗದ್ದಲದ ಸರಾಸರಿ. ಬಸ್ಸು ಬಂದು ಹೋಗೋದು ಕೆಲವೇ ಸೆಕೆಂಡ್, ನೆನಪು ಒಂದೆರಡು ಡೆಸಿಬಲ್ ಏರಿ ಮತ್ತೆ ಇಳಿಯುತ್ತೆ. ಟ್ಯೂಬ್‌ಲೈಟ್ ಹೊತ್ತಿದರೆ 20 ಡೆಸಿಬಲ್ ಏರೋಕೆ ಸುಮಾರು 50 ಸೆಕೆಂಡ್. ಒಂದು ನಿಮಿಷದೊಳಗೆ ಆ ನಡೆಯೋ ಮನುಷ್ಯ ಪರದೆಯಿಂದ ಇಳಿದುಹೋದ. ಅಕ್ಕಪಕ್ಕದ ಬಿನ್ ನೋಡಿ ಹಾಕಿದ ಮಿತಿ, ಈ ನೆನಪಿನಿಂದ ಬಂದ ಮಿತಿ, ಈ ಎರಡರಲ್ಲಿ ಯಾವುದು ದೊಡ್ಡದೋ ಅದನ್ನು ಬಳಸುತ್ತೇನೆ.

ಬಾಕಿ ಇರೋದು ಆಫೀಸ್ ಬಿಡೋ ಹೊತ್ತು. ಆಗ ಗಾಡಿಗಳ ಸಾಲು ನಿಲ್ಲೋದೇ ಇಲ್ಲ. 20ರಿಂದ 35 ಕಿ.ಮೀ. ಬಿನ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಏನಾದರೊಂದು ಇರುತ್ತೆ. ಮೀಡಿಯನ್ ಗಾಡಿಗಳನ್ನೇ ಗದ್ದಲ ಅಂತ ಕಲಿತುಬಿಡುತ್ತೆ. ಇಳಿಯೋ ಹೆಜ್ಜೆಯನ್ನು ಏರೋ ಹೆಜ್ಜೆಯ ಮೂರು ಪಟ್ಟು ಮಾಡಿದರೆ ನೆನಪು ಮಧ್ಯದ ಬದಲು ಕೆಳಗಿನ ಕಾಲು ಭಾಗದಲ್ಲಿ ನಿಲ್ಲಬೇಕು. ಆಗ ಭಾಗಿಸೋ ಸಂಖ್ಯೆ 0.288. ಕೋಡ್‌ನಲ್ಲಿ ಎರಡೇ ಸಾಲಿನ ಬದಲಾವಣೆ. ಸೋಮವಾರ ಸಂಜೆ ಐದೂವರೆಗೆ ಹಚ್ಚುತ್ತೇನೆ. ಅಕ್ಕನ ಮಗನಿಗೆ ಹೊಸ ಹಾಳೆ ಈಗಲೇ ಹರಿದಿಟ್ಟಿದ್ದೇನೆ.