ಬೇಲಿಯ ಟೂನಾ, ನೀರಿನ ತುನಾ

14 ಅಕ್ಟೋಬರ್ 2023, ಶನಿವಾರ

ಇವತ್ತು ಮಗಳನ್ನು ಕರೆದುಕೊಂಡು ಸ್ವೀಡನ್ನಿನ ಹಳೆಯ ಊರು ಸಿಗ್‌ಟೂನಾಗೆ ಹೋಗಿದ್ದೆ. ಸ್ಟಾಕ್‌ಹೋಮ್‌ನಿಂದ ರೈಲು, ಆಮೇಲೆ ಬಸ್ಸು. ದಾರಿಯಲ್ಲಿ ಸೊಲೆನ್‌ಟೂನಾ ನಿಲ್ದಾಣದ ಬೋರ್ಡ್ ಓದಿ ಕೇಳಿದಳು: "ಅಪ್ಪಾ, ಇಲ್ಲಿ ಊರಿಗೆಲ್ಲ ಟೂನಾ ಮೀನಿನ ಹೆಸರು ಯಾಕೆ?"

ನಿಜ, ವಾಲೆನ್‌ಟೂನಾ, ಎಸ್ಕಿಲ್ಸ್‌ಟೂನಾ, ಎಷ್ಟೊಂದು ಇವೆ! ಆದರೆ ಸ್ವೀಡನ್ನಿನವರು ಆ ಮೀನಿಗೆ ಟೂನ್‌ಫಿಸ್ಕ್ ಅನ್ನುತ್ತಾರೆ. ಊರಿನ ಟೂನಾ ಬೇರೆ. ಅದು ಹಳೆಯ 'ತೂನ್' ಪದದಿಂದ ಬಂದದ್ದು. ಬೇಲಿ ಹಾಕಿದ ಜಾಗ ಅಂತ ಅರ್ಥ. ಅದೇ ಬೇರು ಜರ್ಮನ್‌ನಲ್ಲಿ 'ತ್ಸೌನ್' ಆಗಿ ಬೇಲಿಯಾಗಿಯೇ ಉಳಿಯಿತು. ಡಚ್‌ನಲ್ಲಿ ತೋಟವಾಯಿತು. ಇಂಗ್ಲಿಷ್‌ನಲ್ಲಿ ಟೌನ್ ಆಯಿತು. ನಮ್ಮ ರಾಮನಗರದ ಕಡೆ ದನ ಕೂಡುವ ದೊಡ್ಡಿ ಊರ ಹೆಸರಿಗೆ ಅಂಟಿಕೊಂಡಿದೆಯಲ್ಲ, ಹಾಗೇ.

ಎಸ್ಕಿಲ್ಸ್‌ಟೂನಾ ಮೊದಲು ಬರೀ ಟೂನಾ ಆಗಿತ್ತು. 11ನೇ ಶತಮಾನದಲ್ಲಿ ಬಂದ ಎಸ್ಕಿಲ್ ಎಂಬ ಪಾದ್ರಿಯ ಹೆಸರು ಆಮೇಲೆ ಸೇರಿತು. ಸಿಗ್‌ಟೂನಾ ಶುರುವಾದದ್ದು ಸುಮಾರು 980ರಲ್ಲಿ. ರೂನ್ ಎಂಬ ಅಲ್ಲಿನ ಹಳೆಯ ಲಿಪಿ ಕೆತ್ತಿದ ಕಲ್ಲುಗಳ ಮುಂದೆ ಮಗಳು ತುಂಬಾ ಹೊತ್ತು ನಿಂತಳು. ಕನ್ನಡ ಶಾಸನ ಇಷ್ಟು ಹತ್ತಿರದಿಂದ ಅವಳಿಗೆ ಇನ್ನೂ ತೋರಿಸಿಲ್ಲ. ತೋರಿಸಬೇಕು.

ರಾತ್ರಿ ನಿಘಂಟು ತೆರೆದೆ. ಅದೇ ನಾಲ್ಕು ರೋಮನ್ ಅಕ್ಷರ (tuna), ಆದರೆ ದಕ್ಷಿಣ ಅಮೆರಿಕದ ಭಾಷೆ! ಸುರಿನಾಮ್, ಫ್ರೆಂಚ್ ಗಯಾನಾ ಕಡೆಯ ಕರಿನ್ಯ ಜನರ ಮಾತಿನಲ್ಲಿ ತುನಾ ಅಂದರೆ ನೀರು. ಹೊಳೆಗೂ ಅದೇ ಮಾತು. ಹೊಳೆಯ ದಡದಲ್ಲೇ ಊರು ಕಟ್ಟಿ, ದೋಣಿಯಲ್ಲೇ ಓಡಾಡಿದವರು. ಎರಡಕ್ಕೂ ಒಂದೇ ಪದ ಸಾಕಾಗಿದ್ದರಲ್ಲಿ ಆಶ್ಚರ್ಯವೇನಿಲ್ಲ ಅನ್ನಿಸಿತು.

ಮಗಳಿಗೆ ಹೇಳಿದೆ. "ಹಾಗಾದ್ರೆ ಎರಡೂ ನೆಂಟರಾ?" ಅಂದಳು. ಅಲ್ಲ. ಕರಿನ್ಯ ಭಾಷೆ ಕರೀಬ್ ಎಂಬ ಭಾಷಾ ಕುಟುಂಬದ್ದು. ಅದೇ ಕುಟುಂಬದ ಮಕುಶಿ, ಪೆಮೋನ್, ಟ್ರಿಯೊ, ವಯಾನಾ ಭಾಷೆಗಳಲ್ಲೆಲ್ಲ ನೀರಿಗೆ ತುನಾ. ಇನ್ನೂ ಎಷ್ಟೋ ಪದಗಳು ಹೀಗೇ ಹೊಂದುತ್ತವೆ. ನಮ್ಮ ಕಣ್ಣು, ತಮಿಳಿನ ಕಣ್, ತೆಲುಗಿನ ಕನ್ನು ಇದ್ದ ಹಾಗೆ. ಅದು ನೆಂಟಸ್ತನ. ಸ್ವೀಡಿಷ್ ಟೂನಾ ಸದ್ದಿನಲ್ಲಿ ಮಾತ್ರ ಹತ್ತಿರ. ಒಂದು ಪದ ಹೊಂದಿದ ಕೂಡಲೇ ಎರಡು ಭಾಷೆಗೆ ಗಂಟು ಹಾಕುವವರನ್ನು ಜಾಸ್ತಿ ನೋಡಿದ್ದೇನೆ, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಅಷ್ಟರಲ್ಲಿ ಹೊರಗೆ ಮಳೆ ಹಿಡಿಯಿತು. "ಅಪ್ಪಾ, ಮಳೆಗೂ ತುನಾನಾ?"

"ಇಲ್ಲ ಪುಟ್ಟಾ. ಮಳೆಗೆ ಬೇರೆ ಪದ ಇದೆ, ಕೊನೊಪೊ."

ಕಿಟಕಿಯ ಹತ್ತಿರ ನಿಂತು ಎರಡು ಸಲ ಹೇಳಿ ನೋಡಿದಳು.