ಫಾದರಿಂಘೇ: ಗೋಡೆಯೇ ಇಲ್ಲದ ಕೋಟೆಗೆ ಹೋಗುವ ಮುನ್ನ

"ಇದಕ್ಕಾ ರೀ ಲಂಡನ್ನಿಂದ ಬಂದಿದ್ದು?" ಎಂದಳು ಹೆಂಡತಿ. ಎದುರಿಗಿದ್ದದ್ದು ಹುಲ್ಲು ಬೆಳೆದ ಒಂದು ದಿಬ್ಬ, ಅಷ್ಟೇ. ನಾರ್ಥಾಂಪ್ಟನ್‌ಶೈರಿನ ಫಾದರಿಂಘೇ ಕೋಟೆಯಲ್ಲಿ ಬುರುಜು, ಬಾಗಿಲು ಯಾವುದೂ ಉಳಿದಿಲ್ಲ. ಅದು ಗೊತ್ತಿದ್ದೇ ಹೋಗಿ.

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಪೀಟರ್‌ಬರೋಗೆ ರೈಲಿನಲ್ಲಿ ಸುಮಾರು 50 ನಿಮಿಷ. ಅಲ್ಲಿಂದ ಹೆಚ್ಚುಕಡಿಮೆ 20 ಕಿ.ಮೀ. ಬಸ್ ನಂಬಿಕೊಂಡು ಹೋಗಬೇಡಿ. ಟ್ಯಾಕ್ಸಿ ಮಾಡಿದರೆ ವಾಪಸ್ ಬರಲೂ ಆಗಲೇ ಹೇಳಿಟ್ಟುಬಿಡಿ. ನಾವು ಹೇಳಿರಲಿಲ್ಲ, ಮುಕ್ಕಾಲು ಗಂಟೆ ಸುಮ್ನೆ ರಸ್ತೆ ಬದಿ ನಿಂತೆವು. ಕೋಟೆಯ ಹತ್ತಿರ ಟಿಕೆಟ್ ಕೌಂಟರೂ ಇಲ್ಲ, ಶೌಚಾಲಯವೂ ಇಲ್ಲ. ಮಳೆ ಬಂದಿದ್ದರೆ ಕೆಸರು ಜಾಸ್ತಿ, ಬೂಟು ಹಾಕಿಕೊಳ್ಳಿ.

ಹೋದ ಕೂಡಲೇ ದಿಬ್ಬ ಹತ್ತಬೇಡಿ. ಮೊದಲು ಕಂದಕದ ಅಂಚಿನಲ್ಲಿ ಒಂದು ಸುತ್ತು ಹಾಕಿ. 1100ರ ಸುಮಾರಿಗೆ ನಾರ್ಮನ್ನರು ಇದನ್ನು ಕಟ್ಟಿದ ರೀತಿ ಆಗ ಕಣ್ಣಿಗೆ ಕಾಣುತ್ತದೆ. ಸುತ್ತ ಅಗೆದು, ಆ ಮಣ್ಣನ್ನೇ ನಡುವೆ ಗುಡ್ಡೆ ಹಾಕಿದ್ದಾರೆ. ಅಗೆದದ್ದು ಕಂದಕ, ಗುಡ್ಡೆಯಾದದ್ದು ದಿಬ್ಬ. ಇಂಥ ಕೋಟೆಗಳಲ್ಲಿ ದಿಬ್ಬದ ಮೇಲೆ ಗೋಪುರ, ಕೆಳಗಿನ ಅಂಗಳದಲ್ಲಿ ಮನೆ, ಲಾಯ, ಅಡುಗೆಕೋಣೆ. ಬಿಸಿಲು ಇಳಿಯುವ ಹೊತ್ತಿಗೆ ಹೋದರೆ ನೆರಳು ಉದ್ದವಾಗಿ ಬಿದ್ದು ನೆಲದ ಏರಿಳಿತ ಚೆನ್ನಾಗಿ ಕಾಣುತ್ತದೆ. ನಡುಮಧ್ಯಾಹ್ನ ಎಲ್ಲವೂ ಬರೀ ಹಸಿರು.

ಈಗ ಹತ್ತಿ. ಕೆಳಗೆ ನೆನ್ ನದಿ, ಆಚೆ ಗದ್ದೆಬಯಲು. ಬೇಲಿ ಹಾಕಿಟ್ಟಿರುವ ಗಾರೆಕಲ್ಲಿನ ಮುದ್ದೆಯೊಂದು ನದಿ ಬದಿಗೆ ಇದೆ, ಇಡೀ ಕೋಟೆಯಲ್ಲಿ ಉಳಿದ ಕಟ್ಟಡವೆಂದರೆ ಅದೇ. ಅದರ ಬೇಲಿಯ ಫಲಕ ಓದದೆ ಬರಬೇಡಿ. ಮುಂದೆ ಇಂಗ್ಲೆಂಡಿನ ದೊರೆಯಾದ ಮೂರನೇ ರಿಚರ್ಡ್ 1452ರಲ್ಲಿ ಹುಟ್ಟಿದ್ದು ಇಲ್ಲಿ. 1587ರ ಫೆಬ್ರವರಿ 8ರಂದು ಸ್ಕಾಟ್ಲೆಂಡಿನ ರಾಣಿ ಮೇರಿಯ ತಲೆ ಕಡಿದದ್ದೂ ಇಲ್ಲೇ, ಅಂಗಳದಲ್ಲಿದ್ದ ದೊಡ್ಡ ಹಜಾರದಲ್ಲಿ. ಆ ಜಾಗದಲ್ಲೀಗ ಕುರಿ ಮೇಯುತ್ತಿದ್ದವು. ನನ್ನವಳು ಅಲ್ಲಿಯವರೆಗೆ ಫೋನು ನೋಡುತ್ತಿದ್ದವಳು ಅದನ್ನು ಚೀಲಕ್ಕೆ ಹಾಕಿದಳು.

ಊರಿನ ಚರ್ಚು ಬಿಡಬೇಡಿ, ಎಂಟು ಮೂಲೆಯ ಗೋಪುರ ದೂರದಿಂದಲೇ ಕಾಣುತ್ತದೆ. ಒಳಗೆ ರಿಚರ್ಡನ ಮನೆತನದವರಾದ ಯಾರ್ಕ್ ಡ್ಯೂಕರ ಸಮಾಧಿಗಳಿವೆ. ಅವನ್ನು ಕಟ್ಟಿಸಿದ್ದು ಇಂಗ್ಲೆಂಡಿನ ಮೊದಲನೇ ಎಲಿಜಬೆತ್, ಮೇರಿಯ ಮರಣದಂಡನೆಯ ಆದೇಶಕ್ಕೆ ಸಹಿ ಹಾಕಿದ ಅದೇ ರಾಣಿ!

ವಾಪಸ್ ರೈಲಿಗೆ ಒಂದು ಗಂಟೆ ಉಳಿದಿದ್ದರೆ ಪೀಟರ್‌ಬರೋ ಕೆಥೀಡ್ರಲ್‌ಗೆ ಹೋಗಿ, ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಮೇರಿಯನ್ನು ಮೊದಲು ಹೂಳಿದ್ದು ಅಲ್ಲಿ. 1612ರಲ್ಲಿ ಆಗ ಇಂಗ್ಲೆಂಡಿನ ದೊರೆಯಾಗಿದ್ದ ಮಗ ಜೇಮ್ಸ್ ಅವಳ ಶವವನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಚರ್ಚಿಗೆ ತರಿಸಿಕೊಂಡ.